ನೀಲಿ ಮಲ್ಲಿಗೆಯ ಮದುಮಗಳು

“ಇದು ಲಾಯ್ಕ ಉಂಟು ನೋಡಿ. ಆಲ್ಬಮ್ ಪೂರ್ತಿ ಹೀಗೇ ಮಾಡಿ ಮಾರಾಯ್ರೆ,” ಎನ್ನುತ್ತ ಮದುಮಗಳ ಅತ್ತೆ ಕಡಬದ ನನ್ನ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟರು.

ಅವರು ಮೆಚ್ಚಿದ್ದು ನನ್ನ ತಪ್ಪನ್ನು. ಆ ಮದುವೆಗೆ ನಾನು ಎರಡು ಬೇರೆ ಬೇರೆ ಕಂಪನಿಯ ಕ್ಯಾಮೆರಾ ಬಳಸಿದ್ದೆ. ಬಿಳಿ ಬಿಳಿಯಾಗಿಯೇ ಕಾಣಲೆಂದು ಒಂದು ಕ್ಯಾಮೆರಾದ ಫೋಟೋಗಳಿಗೆ ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ವೈಟ್ ಬ್ಯಾಲೆನ್ಸ್ ಸೆಟ್ಟಿಂಗನ್ನು ಅವಸರದಲ್ಲಿ ಇನ್ನೊಂದರ ಫೋಟೋಗಳಿಗೂ ಹಾಕಿಬಿಟ್ಟಿದ್ದೆ. ಎಣ್ಣೆಗಪ್ಪು ಬಣ್ಣದ ಹುಡುಗಿ ಅವುಗಳಲ್ಲಿ ಬಿಳುಚಿಕೊಂಡು ಬೆಳ್ಳಗಾಗಿದ್ದಳು. ಮುಡಿದ ಮಲ್ಲಿಗೆ ನೀಲಿಗೆ ತಿರುಗಿತ್ತು.

“ಇದು ಸರಿ ಬಣ್ಣ ಅಲ್ಲಮ್ಮ. ಮಲ್ಲಿಗೆ ನೋಡಿ, ನೀಲಿ ಆಗಿದೆ,” ಎಂದೆ.

“ಮಲ್ಲಿಗೆಯನ್ನು ಯಾರು ನೋಡುದು?” ಎಂದವರೇ ಫೋನ್ ಬಂತೆಂದು ಹೊರಗೆ ಹೋದರು.

ಪಕ್ಕದಲ್ಲಿ ಕೂತಿದ್ದ ಮದುಮಗಳಾದರೂ ಬೇಡ ಅಂದಾಳೆಂದು ಅವಳಿಗೆ ಸರಿಯಾದ ಬಣ್ಣದ ಫೋಟೋ ತೆಗೆದು ತೋರಿಸಿದೆ. ಅವಳು ತನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

“ಅತ್ತೆ ಹೇಳಿದ ಹಾಗೇ ಮಾಡಿ ಅಣ್ಣ. ಅವರಿಗೆ ಬೇಕಾದ ಸೊಸೆ ಆಲ್ಬಮಿನಲ್ಲಾದ್ರೂ ಇರ್ಲಿ.”

ಮೊನ್ನೆ ಆ ಅತ್ತೆಯ ಸಂಬಂಧಿಕರೊಬ್ಬರು ನೆಲ್ಯಾಡಿಯಿಂದ ಬಂದು ತಮ್ಮ ಮಗನ ಮದುವೆಗೂ ನನ್ನನ್ನೇ ಗೊತ್ತುಮಾಡಿದರು. ಆಲ್ಬಮ್ ನೋಡಿದ್ದರಂತೆ, ಸೊಸೆಗೆ ಅದೇ ಬಣ್ಣ ಬೇಕಂತೆ. ಆ ತಪ್ಪು ಸೆಟ್ಟಿಂಗನ್ನು ಈಗ ಕಂಪ್ಯೂಟರಿನಲ್ಲಿ ಹೆಸರು ಕೊಟ್ಟು ಉಳಿಸಿಟ್ಟಿದ್ದೇನೆ: ‘ಮದುಮಗಳು’.