ಸೆರಗಿನ ಗಂಟಿನಲ್ಲಿದ್ದ ಮಾತ್ರೆ

ಎಂಬತ್ತರ ದಶಕದಲ್ಲಿ ನಾನು ಔಷಧ ಕಂಪನಿಯೊಂದರ ಪ್ರತಿನಿಧಿ. ಒಮ್ಮೆ ತಮಿಳುನಾಡಿನ ವಾಲ್ಪಾರೈ ಬೆಟ್ಟದಿಂದ ಇಳಿಯುವ ಬಸ್ಸಿನಲ್ಲಿ ಪಕ್ಕದ ಹಿರಿಯರು ಎದೆ ಹಿಡಿದುಕೊಂಡು ಬೆವತುಬಿಟ್ಟರು. ಅವರ ಹೆಂಡತಿ ಸೆರಗಿನ ಗಂಟು ಬಿಚ್ಚಿ, ಪುಟ್ಟ ಮಾತ್ರೆಯೊಂದನ್ನು ಅವರ ನಾಲಿಗೆಯಡಿ ಇಟ್ಟರು. ನೋವು ಇಳಿಯಲಿಲ್ಲ.

“ಸೀಸೆ ಎಲ್ಲಮ್ಮಾ?” ಎಂದೆ.

“ಮನೇಲಿ ಐತೆ ತಂಬಿ. ಬಸ್ಸಲ್ಲಿ ಒಡೆದ್ರೆ? ಗಂಟಲ್ಲಿ ಕಟ್ಟಿದ್ದು ಇದುವರೆಗೂ ಒಂದೂ ಕಳೆದಿಲ್ಲ.”

ಮಾತ್ರೆ ಉಳಿದಿತ್ತು, ಸತ್ವ ಹೋಗಿತ್ತು. ಅದರಲ್ಲಿದ್ದ ಎದೆನೋವಿನ ಔಷಧ ನೈಟ್ರೋಗ್ಲಿಸರಿನ್ ಗಾಜಿನ ಸೀಸೆಯಿಂದ ಹೊರಬಂದರೆ ಆವಿಯಾಗುತ್ತದೆ. ಅದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಬಿಟ್ಟು ರಕ್ತನಾಳ ಹಿಗ್ಗಿಸುತ್ತದೆಂದು ನಾನು ತಿಳಿದದ್ದು ಎಷ್ಟೋ ಆಮೇಲೆ. ನನ್ನ ಚೀಲದಲ್ಲಿದ್ದ ಅದೇ ಔಷಧದ ಸ್ಯಾಂಪಲ್ ಸೀಸೆ ತೆರೆದು ಒಂದು ಮಾತ್ರೆ ಕೊಟ್ಟೆ. ಆಕೆ ಗಂಡನ ಮುಖವನ್ನೇ ನೋಡುತ್ತ ಕುಳಿತರು.

ಕೆಲವು ತಿರುವು ಕಳೆಯುವುದರೊಳಗೆ ಹಿರಿಯರು ಕಣ್ಣು ಬಿಟ್ಟು ನನ್ನನ್ನು ಗದರಿದರು: “ಏನ್ ಕೊಟ್ಟೆಯೋ? ಎದೆನೋವು ಬಿಡ್ತು, ತಲೆ ಸಿಡೀತಾ ಐತೆ!”

“ಬೈತಾ ಅವ್ರೆ ತಂಬಿ, ಇನ್ನು ಭಯವಿಲ್ಲ,” ಎಂದು ಆಕೆ ಕಣ್ಣೊರೆಸಿಕೊಂಡರು.

ತಲೆನೋವು ಆ ಔಷಧ ಹಿಡಿದದ್ದರ ಗುರುತು. ಬೆಟ್ಟದಡಿಯ ಪೊಳ್ಳಾಚಿಯವರೆಗೂ ಹಿರಿಯರು ಬೈದರು. ನನ್ನ ಸರ್ವಿಸ್ಸಿನಲ್ಲಿ ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ಅದೊಂದೇ ಸಲ.