ಟೈಮ್ ಕೇಳಿದರೆ ಸಾಲದು, ಸಿಗಬೇಕು

"ನಿಮಗೆ ಮನುಷ್ಯತ್ವ ಉಂಟಾ ಮೇಡಂ?"

ಕಳೆದ ಭಾನುವಾರ ಮಣಿಪಾಲದ ಮೈದಾನದಲ್ಲಿ, ಅಷ್ಟೂ ಜನರ ಎದುರು, ಕಾರ್ಕಳ ತಂಡದ ಕೋಚ್ ನನ್ನನ್ನು ಕೇಳಿದ ಪ್ರಶ್ನೆ ಇದು.

ನಾನು ಬೇಸ್‌ಬಾಲ್ ಅಂಪೈರ್. (ಹೌದು, ನಮ್ಮಲ್ಲೂ ಬೇಸ್‌ಬಾಲ್ ಉಂಟು. ನಗಬೇಡಿ.) ಅವತ್ತು ಕಾಪು ಮತ್ತು ಕಾರ್ಕಳದ ಹುಡುಗಿಯರ ಫೈನಲ್. ಕಾಪು ಒಂದು ರನ್ ಮುಂದಿತ್ತು. ಕಾರ್ಕಳದ ಕೊನೆಯ ಆಸೆ ಎಂದರೆ ಬ್ಯಾಟ್ ಹಿಡಿದಿದ್ದ ಶ್ರಾವ್ಯ. ಸರಿಯಾಗಿ ಬಂದ ಎಸೆತವನ್ನು ಹೊಡೆಯದೆ ಬಿಟ್ಟರೆ ಸ್ಟ್ರೈಕ್; ಅವಳಿಗೆ ಆಗಲೇ ಎರಡು ಆಗಿತ್ತು. ಮೂರನೆಯದು ಬಿದ್ದರೆ ಅವಳು ಔಟ್, ಪಂದ್ಯವೂ ಮುಗಿಯಿತು.

ಕಾಪುವಿನ ಪಿಚರ್ ವೆನಿಶಾ ಕಾಲೆತ್ತಿ ಎಸೆಯಲು ಶುರುಮಾಡಿದಳು. ಆಗಲೇ ಗಾಳಿ ಬೀಸಿ ಕೆಂಪು ಧೂಳೆದ್ದಿತು. ಶ್ರಾವ್ಯ ಕೈ ಎತ್ತಿ, ಆಟ ನಿಲ್ಲಿಸಲು "ಟೈಮ್!" ಎಂದು ಕೂಗಿ ಪಕ್ಕಕ್ಕೆ ಸರಿದಳು. ಚೆಂಡು ನಿಲ್ಲಲಿಲ್ಲ. ಮೊಣಕಾಲಿನ ಎತ್ತರದಲ್ಲಿ, ನೇರವಾಗಿ ಬಂತು. ಎಂಥ ಚೆಂದದ ಎಸೆತ!

"ಸ್ಟ್ರೈಕ್ ತ್ರೀ!" ಎಂದೆ.

"ನಾನು ಟೈಮ್ ಕೇಳಿದೆ ಅಲ್ವಾ ಮೇಡಂ!"

"ಕೇಳಿದ್ದೀ. ನಾನು ಕೊಟ್ಟಿಲ್ಲ."

ನಿಯಮ ಇಷ್ಟೇ. ಕೇಳುವುದು ಬ್ಯಾಟರ್, ಕೊಡುವುದು ಅಂಪೈರ್. ಎಸೆತ ಶುರುವಾದ ಮೇಲೆ, ಕಣ್ಣಿಗೆ ಧೂಳು ಬಿತ್ತು ಎಂದರೂ ಕೊಡುವಂತಿಲ್ಲ.

ಮೊದಲು ಅವಳ ಕಣ್ಣಿಗೆ ನೀರು ಹಾಕಿಸಿದೆ. ಕೆಂಪಗಾಗಿತ್ತು, ಪಾಪ. ಸುಳ್ಳು ಹೇಳುವ ಹುಡುಗಿಯಲ್ಲ. ಕೋಚ್ ಆ ಮನುಷ್ಯತ್ವದ ಪ್ರಶ್ನೆ ಕೇಳಿದ್ದು ಆಗಲೇ. ಹಿಂದೆಯೇ ಸಂಘಟಕರು ಓಡಿ ಬಂದರು. "ಇನ್ನೊಂದು ಬಾಲ್ ಹಾಕಿಸಿ ಮೇಡಂ. ಗಲಾಟೆ ಯಾಕೆ?"

ಇವರಿಗೆಲ್ಲ ಉತ್ತರ ಕೊಡುವುದು ಕಷ್ಟವಾಗಲಿಲ್ಲ. ನನ್ನನ್ನು ತಬ್ಬಿಬ್ಬು ಮಾಡಿದ್ದು ವೆನಿಶಾ. ಮೆಲ್ಲಗೆ ಹತ್ತಿರ ಬಂದು, "ತೊಂದರೆ ಇಲ್ಲ ಮೇಡಂ, ನಾನು ಇನ್ನೊಮ್ಮೆ ಹಾಕ್ತೇನೆ" ಎಂದಳು.

ಎಷ್ಟು ಒಳ್ಳೆಯ ಹುಡುಗಿ, ಅಲ್ವಾ? ಆದರೆ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಕೂಗಾಡುತ್ತಿದ್ದ ಜನರನ್ನು. ಆ ಮುಖ ನನಗೆ ಗೊತ್ತು. ಆಫೀಸಿನಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಾಗ ನೋಡಿದ್ದೇನೆ. ತಪ್ಪು ಮಾಡದೆಯೂ ಕ್ಷಮೆ ಕೇಳುವ ಮುಖ.

"ನೀನು ಸರಿಯಾಗಿಯೇ ಹಾಕಿದ್ದಿ. ಇನ್ನೊಮ್ಮೆ ಇಲ್ಲ" ಎಂದೆ. ಪಂದ್ಯ ಮುಗಿಯಿತು ಎಂದು ಘೋಷಿಸಿದೆ. ಕೋಚ್ ನನಗೆ ಬೆನ್ನು ಹಾಕಿ ಹೋದರು. ಹೋಗಲಿ.

ಊಟದ ಸಾಲಿನಲ್ಲಿ ಶ್ರಾವ್ಯ ಸಿಕ್ಕಳು. "ನಿಮ್ಮ ಮೇಲೆ ಸಿಟ್ಟು ಉಂಟು ಮೇಡಂ" ಎಂದಳು. ಇರಲಿ, ಅದು ಅವಳ ಹಕ್ಕು. ಆಮೇಲೆ ಹಿಂದೆ ನಿಂತಿದ್ದ ವೆನಿಶಾಳ ಕಡೆ ತಿರುಗಿ, "ನಿನ್ನ ಆ ಬಾಲ್ ಮಾತ್ರ ಸೂಪರ್ ಮಾರಾಯ್ತಿ" ಎಂದು ಕೈ ಕುಲುಕಿದಳು.

ಬಸ್ ಹತ್ತುವ ಮೊದಲು ವೆನಿಶಾ ನನ್ನ ಬಳಿ ಬಂದಳು. "ನೀವು ಹೇಳಿದ್ದರೆ ಹಾಕುತ್ತಿದ್ದೆ ಮೇಡಂ. ಆದರೆ ಆ ಕೂಗಾಟದಲ್ಲಿ ಅಂಥ ಬಾಲ್ ಮತ್ತೆ ಬರ್ತಿರಲಿಲ್ಲ."

'ಗಲಾಟೆ ಬೇಡ' ಎನ್ನುವ ಬುದ್ಧಿಮಾತನ್ನು ನಾವು ಯಾಕೆ ಯಾವಾಗಲೂ ಗಲಾಟೆ ಮಾಡದವರಿಗೇ ಹೇಳುತ್ತೇವೆ?