ಕಂಬದ ಮೇಲಿನ ಮೂಕಪ್ಪನ ಗೆರೆ

ನಮ್ಮೂರ ಮೂಕಪ್ಪ ಒಮ್ಮೆ ಒದ್ದ ಚೆಂಡು ಗಾಳಿಯಲ್ಲೇ ಸಾಗಿ ಸಾಸ್ವೆಹಳ್ಳಿಯ ಹೊಲವೊಂದರಲ್ಲಿ ಬಿತ್ತು. ಅಲ್ಲಿಯವರು ಸಿಹಿಗುಂಬಳವೆಂದು ತಿಳಿದು ಹೆಚ್ಚಲು ಈಳಿಗೆಮಣೆ ತಂದರು. ನನ್ನ ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ಬೇಡ, ಬಿಡಿ. ಮೂಕಪ್ಪನ ವಯಸ್ಸಿನ ಕತೆ ಹೇಳುತ್ತೇನೆ. ಅದರಲ್ಲಿ ಕಾಳಿನಷ್ಟೂ ಸುಳ್ಳಿಲ್ಲ, ಆದ್ದರಿಂದ ನಂಬುವುದು ಇನ್ನೂ ಕಷ್ಟ.

ಸಂತೇಬೆನ್ನೂರಿಗೆ ಮೂರು ಮೈಲಿ ದೂರದ ನಮ್ಮೂರಲ್ಲಿ ಆಗ ಮಕ್ಕಳು ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ, ಹುಟ್ಟಿದ್ದು ಜೂನ್ ಒಂದು ಎಂದು ಬರೆದು ಮುಗಿಸುತ್ತಿದ್ದರು. ಊರಿನ ಮಕ್ಕಳೆಲ್ಲ ಒಂದೇ ದಿನ ಹುಟ್ಟಿದವರು.

ಮೂಕಪ್ಪ ನಾಲ್ಕನೆಯ ವರ್ಷಕ್ಕೇ ಕಿವಿ ಮುಟ್ಟಿದ. ಅವನ ಕೈಗಳು ಎಮ್ಮೆಗೆ ಹಾಕುವ ಹಗ್ಗದಂತೆ ಉದ್ದ. ನನ್ನ ಹೆಸರು ಸಣ್ಣಪ್ಪ, ಹೆಸರಿಗೆ ತಕ್ಕ ಮೋಟುಗೈ. ಮೂರು ವರ್ಷ ಪ್ರತಿ ಜೂನ್ ತಿಂಗಳಲ್ಲಿ ಹೋಗಿ ತಲೆ ಕೆರೆದುಕೊಂಡು ವಾಪಸು ಬಂದೆ. ಒಂಬತ್ತಕ್ಕೆ ಕಿವಿ ಸಿಕ್ಕಿತು. ಹೀಗೆ ಕಾಗದದಲ್ಲಿ ಅವನು ಎರಡು ವರ್ಷ ಮುದುಕನಾದ, ನಾನು ಮೂರು ವರ್ಷ ಎಳೆಯನಾದೆ.

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಪಂಚಾಕ್ಷರಪ್ಪನವರು. ಅಡಿಕೆ ವ್ಯಾಪಾರದ ಮನೆತನ. ಒಮ್ಮೆ ಫುಟ್‌ಬಾಲ್ ಆಡುವಾಗ ದೊಡ್ಡ ಹುಡುಗನೊಬ್ಬ ಚಿಕ್ಕವನ ಮೇಲೆ ಬಿದ್ದು ಭುಜದ ಮೂಳೆ ಮುರಿಯಿತು. ಎರಡೂ ಮನೆಯವರು ಶಾಲೆಗೆ ಬಂದು ಕಿತ್ತಾಡಿದರು. ಅಂದಿನಿಂದ ಮೇಷ್ಟ್ರು ತರಗತಿ, ವಯಸ್ಸು ಎಲ್ಲ ಬಿಟ್ಟು ಮೈ ನೋಡಿ ಗುಂಪು ಮಾಡತೊಡಗಿದರು.

"ಅಡಿಕೆ ಕೊನೆ ಕೊಯ್ಯೋರು ಮರಕ್ಕೆ ವಯಸ್ಸು ಕೇಳ್ತಾರೇನ್ರಲೇ? ಕಾಯಿ ನೋಡ್ತಾರೆ" ಎನ್ನುತ್ತಿದ್ದರು.

ಎಳೆಯದು, ಬಲಿತದ್ದು, ಗೋಟು ಎಂದು ಮೂರು ಗುಂಪು. ಗೋಟು ಅಂದರೆ ಮರದಲ್ಲೇ ಹಣ್ಣಾಗಿ ಒಣಗಿದ ಅಡಿಕೆ. ಸಾಲಾಗಿ ನಿಲ್ಲಿಸಿ ಮೇಲ್ದುಟಿಯ ಕೂದಲು ನೋಡುವರು, ಗಂಟಲು ಕೇಳಲು ಒಂದೆರಡು ಮಗ್ಗಿ ಹೇಳಿಸುವರು. ಯೋಚನೆ ಕೆಟ್ಟದ್ದೇನಲ್ಲ, ಆಮೇಲೆ ಯಾರ ಭುಜವೂ ಮುರಿಯಲಿಲ್ಲ. ಮುರಿದದ್ದು ಬೇರೆ.

ಹದಿನೈದರ ನನಗೆ ಮೀಸೆಯ ಸುಳಿವೇ ಇರಲಿಲ್ಲ, ದನಿ ಪೀಪಿ. ನಾನು ಎಳೆಯದು. ಮೂಕಪ್ಪನಿಗೆ ಹತ್ತಕ್ಕೇ ಗಂಟಲು ಒಡೆದಿತ್ತು, ಹನ್ನೊಂದಕ್ಕೆ ಮೀಸೆ. ಅವನನ್ನು ಗೋಟಿಗೆ ಹಾಕಿದರು. ಜಗುಲಿಯ ಕಂಬಕ್ಕೆ ಒರಗಿಸಿ, ಅವನ ನೆತ್ತಿಯ ಮಟ್ಟಕ್ಕೆ ಉಳಿಯಿಂದ ಗೆರೆ ಕೊರೆಸಿದರು. ಅದನ್ನು ಮುಟ್ಟಿದವರೆಲ್ಲ ಗೋಟು.

ಹದಿನೆಂಟರ ಹುಡುಗರ ನಡುವೆ ಆ ಮಗು ಒದೆ ತಿಂದದ್ದಕ್ಕೆ ಲೆಕ್ಕವಿಲ್ಲ. ಮೊಣಕಾಲು ಒಡೆದಾಗ "ಅವ್ವಾ" ಎಂದು ಅಳುತ್ತಿದ್ದ, ಗಂಡಸಿನ ದಪ್ಪ ದನಿಯಲ್ಲಿ. ಅದನ್ನು ಕೇಳಿ ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಾನೂ ನಗುತ್ತಿದ್ದೆ.

"ಮೇಷ್ಟ್ರೇ, ನನ್ನನ್ನ ಸಣ್ಣನ ಗುಂಪಿಗೆ ಹಾಕ್ರಿ" ಎಂದು ಒಮ್ಮೆ ಬೇಡಿಕೊಂಡ.

"ಮೀಸೆ ಬೋಳಿಸ್ಕೊಂಡು ಬಾ, ನೋಡಾನ" ಎಂದರು ಮೇಷ್ಟ್ರು. ಪಾಪ, ಬೋಳಿಸಿಕೊಂಡೇ ಬಂದ. ನಗು ಇನ್ನೂ ಜಾಸ್ತಿಯಾಯಿತು.

ಒಂದು ವರ್ಷ ಒದೆ ತಿಂದವನು ಆಟ ಕಲಿತುಬಿಟ್ಟ. ಎಪ್ಪತ್ತೇಳನೇ ಇಸವಿಯಲ್ಲಿ ಜಿಲ್ಲೆಯ ಆಟದ ಹಾಸ್ಟೆಲಿಗೆ ಹುಡುಗರನ್ನು ಆರಿಸಲು ಚನ್ನಗಿರಿಯಿಂದ ನಮ್ಮ ಮೈದಾನಕ್ಕೇ ಒಬ್ಬ ಸಾಹೇಬರು ಬಂದರು. ನಮ್ಮ ಶಾಲೆಗೆ ಒಂದೇ ಜಾಗ. ಮೂರು ಹೊತ್ತು ಊಟ, ದಿನಕ್ಕೊಂದು ಮೊಟ್ಟೆ, ಬೂಟು, ಎಸ್ಸೆಸ್ಸೆಲ್ಸಿವರೆಗೆ ಓದು. ಹದಿನಾಲ್ಕು ತುಂಬಿರಬಾರದು, ಅಷ್ಟೇ ಷರತ್ತು. ಅಪ್ಪನಿಲ್ಲದ ಮೂಕಪ್ಪನಿಗೆ ಅದು ಸಿಗದಿದ್ದರೆ ಸಂತೆಯಲ್ಲಿ ಮೂಟೆ ಹೊರುವ ಕೆಲಸ ಆಗಲೇ ನಿಗದಿಯಾಗಿತ್ತು.

ಅಂದು ಅವನು ಗೋಟುಗಳ ಎದುರು ನಾಲ್ಕು ಗೋಲು ಹೊಡೆದ. ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಕಾಗದ ನೋಡಿದರು.

"ಮೊನ್ನೆ ಜೂನಿಗೆ ಹದಿನಾಲ್ಕು ತುಂಬೇತಲ್ರೀ."

ಮೂಕಪ್ಪನ ತಾಯಿ ಗಾದ್ರಮ್ಮ ಹುಣಸೆಮರದ ಕೆಳಗಿದ್ದವಳು ಓಡಿಬಂದಳು. "ಇಲ್ಲ ಸ್ವಾಮಿ, ಹನ್ನೆರಡು. ಕೈ ಉದ್ದ ಐತೆ ಅಂತ ಎರಡು ವರ್ಷ ಮುಂಚೆ ಸೇರಿಸ್ಕಂಡ್ರು."

ಸಾಹೇಬರು ಒಳ್ಳೆಯವರು. "ನೋಡಮ್ಮ, ಇವನು ಹುಟ್ಟಿದ ವರ್ಷ ಬಲ್ಲೆ ಅಂತ ನಿಮ್ಮ ಮೇಷ್ಟ್ರು ಒಂದು ಸಾಲು ಬರೆದುಕೊಡಲಿ, ಕರ್ಕಂಡು ಹೋಗ್ತೀನಿ" ಎಂದರು.

ಗಾದ್ರಮ್ಮನ ಮುಖ ಅರಳಿತು. ಯಾಕೆಂದರೆ ಮೇಷ್ಟ್ರ ಮಗ ಮಹೇಶ್ವರಪ್ಪ ಹುಟ್ಟಿದ ವಾರವೇ ಮೂಕಪ್ಪನೂ ಹುಟ್ಟಿದ್ದ. ಮೇಷ್ಟ್ರ ಹೆಂಡತಿಗೆ ಎದೆಹಾಲು ಬರಲಿಲ್ಲ. ಹನ್ನೊಂದು ತಿಂಗಳು ಗಾದ್ರಮ್ಮ ಕತ್ತಲಾದ ಮೇಲೆ ಅವರ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ ಆ ಮಗುವಿಗೆ ಹಾಲು ಕೊಟ್ಟು ಬರುತ್ತಿದ್ದಳು. ಮುಂಬಾಗಿಲನ್ನು ಅವಳು ಮುಟ್ಟುವಂತಿರಲಿಲ್ಲ, ಕುಲ ಅಂಥದ್ದು. ಊರಿಗೆಲ್ಲ ಗೊತ್ತಿತ್ತು, ಊರಿನಲ್ಲಿ ಯಾರೂ ಆಡುತ್ತಿರಲಿಲ್ಲ.

"ಮೇಷ್ಟ್ರೇ, ನಿಮಗೆ ಗೊತ್ತೈತಲ್ರಿ. ಇಷ್ಟು ವರ್ಷದಾಗೆ ಏನೂ ಕೇಳಿಲ್ಲ ನಾನು. ಒಂದು ಸಾಲು ಬರೀರಿ."

ಸಾಹೇಬರು ಕೇಳಿದರು: "ಹೌದೇನ್ರೀ? ನಿಮಗೆ ಹೆಂಗೆ ಗೊತ್ತು?"

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಹಿತ್ತಿಲ ಬಾಗಿಲು ತೆರೆಯಬೇಕಿತ್ತು. ಮೇಷ್ಟ್ರ ನೆಂಟರಿಷ್ಟರು ಅಲ್ಲೇ ನಿಂತಿದ್ದರು. ಮೇಷ್ಟ್ರು ಕೊರಳಿನ ಸೀಟಿಯನ್ನು ಒಮ್ಮೆ ಒರೆಸಿಕೊಂಡರು.

"ನನಗೆ ಹೆಂಗೆ ಗೊತ್ತಿರ್ತತೆ ಸಾರ್. ಹುಡುಗ ಒಂದು ವರ್ಷದಿಂದ ಗೋಟಿನಾಗೇ ಆಡ್ತಾನೆ. ನಮ್ಮ ಪುಸ್ತಕದಾಗೂ ಹಂಗೇ ಐತೆ."

ಗಾದ್ರಮ್ಮ ಬಾಯಿ ತೆರೆದಳು. ಸಾಹೇಬರ ಹಿಂದೆ ಮಹೇಶ್ವರಪ್ಪ ನಿಂತಿದ್ದ, ಹನ್ನೆರಡರ ಹುಡುಗ, ಬಾಯಲ್ಲಿ ಪೆಪ್ಪರಮೆಂಟು. ಅವನನ್ನು ನೋಡಿದಳು. ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಹುಣಸೆಮರದ ಕಡೆಗೆ ಹೊರಟುಹೋದಳು.

ಸಾಹೇಬರಿಗೆ ಒಬ್ಬ ಹುಡುಗ ಬೇಕೇಬೇಕಿತ್ತು. ಎಳೆಯರಲ್ಲಿ ಚೆನ್ನಾಗಿ ಓಡಿದವನು ನಾನು. ಹತ್ತು ವರ್ಷದವರ ಎದುರು ಹದಿನಾರರವನು ಓಡದೆ ಇರುತ್ತಾನೆಯೇ.

"ಕಾಗದದಾಗೆ ಹದಿಮೂರು ಐತೆ. ಮುಖ ಮಾತ್ರ ಯಾಕೋ ಬಲಿತಂಗೆ ಕಾಣ್ತದೆ" ಎಂದು ಸಾಹೇಬರು ನನ್ನ ಗದ್ದ ಹಿಡಿದು ತಿರುಗಿಸಿದರು. ಪಕ್ಕದಲ್ಲಿದ್ದ ಮೂಕಪ್ಪನನ್ನೇ ಕೇಳಿದರು: "ಏನಪ್ಪಾ, ಇವನು ಹದಿಮೂರೇನಾ?"

ಮೂಕಪ್ಪ ನನ್ನನ್ನು ನೋಡಿದ.

"ಹೂಂ ಸಾರ್, ಎಳೇನು" ಎಂದ.

ಹಾಸ್ಟೆಲಿನಲ್ಲಿ ಮೊಟ್ಟೆ ತಿಂದೆ, ಹಾಲು ಕುಡಿದೆ. ಆ ಹಾಲಿನಲ್ಲಿ ಏನಿತ್ತೋ, ರಾತ್ರಿ ಮಲಗಿದಾಗ ಸರಿಯಿದ್ದ ಚಡ್ಡಿ ಬೆಳಗ್ಗೆ ಏಳುವಷ್ಟರಲ್ಲಿ ಗಿಡ್ಡವಾಗುತ್ತಿತ್ತು. ಏಳು ತಿಂಗಳಲ್ಲಿ ಒಂದು ಗೇಣು ಬೆಳೆದೆ. ಮೀಸೆ ಬಂತು, ಪೀಪಿ ಹೋಗಿ ನಗಾರಿ ಬಂತು. ವಾರ್ಡನ್ ನನ್ನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, "ಸುಳ್ಳು ವಯಸ್ಸು ಬರೆಸ್ಕಂಡು ಬಂದೀಯಾ" ಎಂದು ಎರಡು ಬಿಗಿದು ಬಸ್ಸು ಹತ್ತಿಸಿದರು. ಆ ಜಾಗ ಆ ವರ್ಷವೆಲ್ಲ ಖಾಲಿ ಬಿದ್ದಿತ್ತಂತೆ.

ಸಂತೇಬೆನ್ನೂರಲ್ಲಿ ಇಳಿದರೆ ಸಂತೆ. ಮೂಕಪ್ಪ ಜೋಳದ ಮೂಟೆ ಹೊತ್ತು ಎದುರಿಗೇ ಬಂದ. ಮೂಟೆ ಇಳಿಸದೆ ಕತ್ತು ಎತ್ತಿ ನನ್ನನ್ನು ನೋಡಿದ.

"ಲೇ ಸಣ್ಣ, ನನ್ನ ಮೀಸೆ ನಿನಗೆ ಯಾವಾಗ ಕೊಟ್ನೋ?"

ಜೋಕು ಚೆನ್ನಾಗಿತ್ತು. ನಗಲಾಗಲಿಲ್ಲ.

ಬೇಗ ಬೆಳೆದವರು ಬೇಗ ನಿಲ್ಲುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು. ಆ ಗೆರೆ ಕೊರೆದ ಮೇಲೆ ಮೂಕಪ್ಪ ಬೆಳೆದದ್ದು ಅರ್ಧ ಬೆರಳು. ಮೂಟೆಗಳಿಂದಲೇ ಗಿಡ್ಡನಾದ ಎಂದವರೂ ಇದ್ದಾರೆ. ಇಪ್ಪತ್ತಕ್ಕೆ ಊರ ಗಂಡಸರಲ್ಲೆಲ್ಲ ಅವನೇ ಕುಳ್ಳ.

ಎಂಬತ್ತಾರರ ಬೇಸಿಗೆಯಲ್ಲಿ ಶಾಲೆಗೆ ಸುಣ್ಣ ಬಳಿಯುವ ಕೆಲಸ ನಮ್ಮಿಬ್ಬರಿಗೇ ಸಿಕ್ಕಿತು. ಪಂಚಾಕ್ಷರಪ್ಪನವರು ಮಗನ ಮದುವೆಯ ಕರೆಯೋಲೆಯ ಕಟ್ಟು ಹಿಡಿದು ಜಗುಲಿ ಹತ್ತಿದರು. ಮೂಕಪ್ಪ ಕಂಬಕ್ಕೆ ಬೆನ್ನು ಕೊಟ್ಟು ಬೀಡಿ ಸೇದುತ್ತಿದ್ದ. ನೆತ್ತಿಯ ಮೇಲೆ ಸರಿಯಾಗಿ ಆ ಗೆರೆ.

"ಗೆರೆ ಮುಚ್ಚಬೇಡ್ರಲೇ. ಹುಡುಗ್ರನ್ನ ಅಳೆಯಾಕೆ ಬೇಕು" ಎಂದರು. ಆಮೇಲೆ ಮೂಕಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಏನೋ, ನಿಂದು ಮದುವೆ ಯಾವಾಗ?" ಎಂದು ಕೇಳಿದರು.

"ನನಗೆಲ್ಲಿ ವಯಸ್ಸಾತು ಮೇಷ್ಟ್ರೇ?"

"ಯಾಕಾಗಿಲ್ಲ? ಇಪ್ಪತ್ತೊಂದಲ್ವಾ. ನಮ್ಮ ಮಹೇಶನ ವಾರಿಗೆಯೋನು ನೀನು, ಒಂದೇ ವಾರದಾಗೆ ಹುಟ್ಟಿದೋರು."

ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೋ ಏನೋ, ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದರು. ನಮ್ಮಿಬ್ಬರಿಗೆ ಕರೆಯೋಲೆ ಕೊಡಲಿಲ್ಲ.

ಮೂಕಪ್ಪ ಬೀಡಿಯನ್ನು ಕಂಬಕ್ಕೆ ಒತ್ತಿ ಆರಿಸಿದ. ಕುಂಚ ಅದ್ದಿ, ಗೆರೆಯನ್ನು ಮುಟ್ಟದೆ, ಅದರ ಕೆಳಗಿನದನ್ನೆಲ್ಲ ಬೆಳ್ಳಗೆ ಬಳಿದ. ಮೇಲಿನದು ಅವನಿಗೆ ಎಟುಕಲಿಲ್ಲ. ಅದನ್ನು ನಾನು ಬಳಿದೆ.